ಬ್ರೆಡ್ಡಿನ ಕಾಗದದ ಮೇಲೊಂದು ‘ಮ’

ರಸ್ತೆಯ ಕಡೆಯಿಂದ ನಮ್ಮ ಮನೆಯೊಳಗೆ ಬರಬೇಕಾದರೆ ಅಂಗಡಿಯನ್ನು ದಾಟಿಯೇ ಬರಬೇಕಿತ್ತು. ಕಡಬ ಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಹಲಗೆ ಬಾಗಿಲಿನ ಬೇಕರಿ. ಅದರ ಹಿಂದೆ ಬೋರ್ಮ, ಅಂದರೆ ಸೌದೆ ಉರಿಸಿ ಬ್ರೆಡ್ಡು ಬೇಯಿಸುವ, ಗುಹೆಯಂಥ ದೊಡ್ಡ ಒಲೆ. ಬೋರ್ಮದ ಬಿಸಿ ಗೋಡೆಗೆ ತಾಗಿಕೊಂಡು ಒಂದು ಚಾವಡಿ. ಅಲ್ಲಿ ಊಟದ ಬೆಂಚು, ಯೇಸುವಿನ ತಾಯಿ ಮಾತಾವಿನ ಪಟ, ಪಟದ ಕೆಳಗೆ ಅಮ್ಮಚ್ಚಿಯ ಮಂಚ. ಅದರಾಚೆ ಅಡುಗೆಮನೆ, ಕೊನೆಗೆ ನಾವು ಮಲಗುವ ಕೋಣೆ. ಎಲ್ಲವೂ ಒಂದೇ ಮಾಡಿನ ಕೆಳಗೆ, ಒಂದರ ಬೆನ್ನಿಗೆ ಇನ್ನೊಂದು. ಬೆಳಗ್ಗೆ ಮೊದಲ ಹದದ, ಅಂದರೆ ಮೊದಲ ಸಲಕ್ಕೆ ಬೇಯಿಸಿದ, ಬ್ರೆಡ್ಡು ಹೊರಗೆ ಬಂದಾಗ ಅದರ ಪರಿಮಳ ಅಂಗಡಿಗೆ ಹೋಗುವ ಮೊದಲು ನನ್ನ ಹಾಸಿಗೆಗೆ ಬರುತ್ತಿತ್ತು. ನಾವು ಅಪ್ಪನನ್ನು ಅಪ್ಪಚ್ಚನ್ ಅನ್ನುತ್ತಿದ್ದೆವು, ಅಪ್ಪನ ಅಮ್ಮನನ್ನು ಅಮ್ಮಚ್ಚಿ. ಪೇಟೆಯವರಿಗೆ ಅಪ್ಪಚ್ಚನ್ ಚಾಕೋ ಚೇಟ, ಅಂದರೆ ಚಾಕೋ ಅಣ್ಣ. ಅಜ್ಜ ರಬ್ಬರು ನೆಡಲು ಕೇರಳದಿಂದ ನೆಲ್ಯಾಡಿ ಕಡೆಗೆ ಬಂದವರು. ಅಪ್ಪಚ್ಚನಿಗೆ ಮಣ್ಣಿಗಿಂತ ಹಿಟ್ಟು ಪ್ರೀತಿ. ತೋಟವನ್ನು ತಮ್ಮನಿಗೆ ಬಿಟ್ಟು ಪೇಟೆಗೆ ಬಂದು ಬೇಕರಿ ಇಟ್ಟರು. ಮನೆಯ ಮಾತು ಮಲಯಾಳ, ಅಂಗಡಿಯ ಮಾತು ತುಳು. ಕನ್ನಡ ಮಾತ್ರ ಶಾಲೆಯಿಂದ ನನ್ನ ಚೀಲದಲ್ಲಿ ಬರುತ್ತಿತ್ತು. ಇಲ್ಲಿ ಬರೆಯುತ್ತಿರುವ ಮನೆಯ ಮಾತುಗಳನ್ನೆಲ್ಲ ಅವರು ಆಡಿದ್ದು ಮಲಯಾಳದಲ್ಲಿ. ನನ್ನ ನೆನಪಿನಲ್ಲಿ ಅವು ಕನ್ನಡವಾಗಿ ಎಷ್ಟೋ ಕಾಲವಾಯಿತು.

ಅಮ್ಮ ಕೇರಳದ ಪಾಲಾ ಕಡೆಯಿಂದ ಮದುವೆಯಾಗಿ ಬಂದವಳು. ಹೆಸರು ಏಲಿಯಮ್ಮ. ಬಂದ ಮೇಲೆ ಅವಳಿದ್ದದ್ದು ಬೋರ್ಮಕ್ಕೂ ಬಾವಿಗೂ ನಡುವೆ. ಮನೆಯ ಹೆಂಗಸರು ಬಸ್ಸಿನ ರಸ್ತೆಗೆ ಮುಖಮಾಡಿ ಕೂರಬಾರದೆಂದು ಅಮ್ಮಚ್ಚಿಯ ಕಟ್ಟಳೆ. ಹಾಗಾಗಿ ಅಂಗಡಿಗೂ ಒಳಮನೆಗೂ ನಡುವೆ ಇದ್ದ ಹೂವಿನ ಪರದೆಯನ್ನು ದಾಟಿ ಅಮ್ಮ ಮುಂದೆ ಹೋದದ್ದನ್ನು ನಾನು ನೋಡಿರಲಿಲ್ಲ. ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವುದೂ ಹಿತ್ತಲಿನ ಓಣಿಯಿಂದಲೇ. ಪೇಟೆಯವರಿಗೆ ಅವಳು ಪರದೆಯ ಹಿಂದಿನ ಬಳೆಯ ಸದ್ದು, ಅಷ್ಟೆ. ಆದರೆ ಪರದೆಯ ಈಚೆ ಅವಳ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಬನ್ನಿನ ಮೇಲೆ ಮೊಟ್ಟೆ ಸವರುವಾಗ ಒಂದು ಕಡೆ ಹೆಚ್ಚಾದರೆ ಆ ಕಡೆ ಕೆಂಪು ಜಾಸ್ತಿಯಾಗಿ ಬನ್ನು ಓರೆಯಾಗಿ ಕಾಣುತ್ತದೆ ಎಂದು ಹೇಳಿದ್ದು ಅವಳು. ಅಕ್ಕಿಯ ಅಪ್ಪದ ಅಂಚಿನ ಜಾಲರಿ ಒಂದೇ ಅಗಲಕ್ಕೆ ಬರಬೇಕು. ಗೋಡೆಯ ಪಟ ಒಂದು ಎಳ್ಳಿನಷ್ಟು ವಾಲಿದರೂ ಊಟ ಬಿಟ್ಟು ಎದ್ದು ಸರಿಮಾಡುತ್ತಿದ್ದಳು. ಭಾನುವಾರ ಇಗರ್ಜಿಗೆ ಹೊರಡುವ ಮೊದಲು ಅಮ್ಮಚ್ಚಿ ಸೊಂಟಕ್ಕೆ ಉಡುವ ಬಿಳಿ ಮುಂಡಿಗೆ ಹಿಂದೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನಿರಿಗೆ ಹಿಡಿಯಬೇಕಿತ್ತು. ಎಷ್ಟೇ ಜಗಳವಿದ್ದರೂ ಆ ನಿರಿಗೆಗೆ ಅಮ್ಮಚ್ಚಿ ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ. ಅಮ್ಮ ನೆಲಕ್ಕೆ ಕೂತು ಒಂದೊಂದೇ ಮಡಿಕೆಯನ್ನು ಉಗುರಿನಿಂದ ಗೀರಿ, ಹಿಂದೆ ಸರಿದು ನೋಡಿ, ಮತ್ತೆ ಬಿಚ್ಚಿ ಹಿಡಿಯುತ್ತಿದ್ದಳು. ಅಮ್ಮಚ್ಚಿ ಗೊಣಗುತ್ತಿದ್ದರು.

"ಹಿಂದೆ ಇರುವ ನಿರಿಗೆಯನ್ನು ಯಾರು ನೋಡ್ತಾರೆ? ಪೂಜೆ ಸುರುವಾಗಿರ್ತದೆ."

"ಹಿಂದೆ ಕೂತವರು ನೋಡ್ತಾರೆ, ಅಮ್ಮಚ್ಚಿ. ಅವರಿಗೆ ನೀವು ಅಂದ್ರೆ ಅದೇ."

ನಾನು ಈಗ ಪುತ್ತೂರಿನಲ್ಲಿ ಕೂತು ಜೇನಿನ ಬಾಟಲಿಗೆ, ಹಪ್ಪಳದ ಕಟ್ಟಿಗೆ, ಯುವಕ ಮಂಡಲಗಳ ಬ್ಯಾನರಿಗೆ ಲೋಗೊ ಮಾಡಿಕೊಡುತ್ತೇನೆ. ಅಕ್ಷರ, ಗೆರೆ, ಬಣ್ಣ ನನ್ನ ಅನ್ನ. ಎಲ್ಲಿ ಕಲಿತದ್ದೆಂದು ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳುತ್ತೇನೆ, ಅದೂ ನಿಜವೇ. ಆದರೆ ‘ಹಿಂದೆ ಕೂತವರಿಗೆ ನೀವು ಅಂದ್ರೆ ಅದೇ’ ಎಂಬ ಮಾತಿಗಿಂತ ದೊಡ್ಡ ಪಾಠ ನನಗೆ ಆ ಕಾಲೇಜಿನಲ್ಲಿ ಸಿಗಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪಚ್ಚನಿಗೆ ಬ್ರೆಡ್ಡಿಗೆ ಹೆಸರು ಅಚ್ಚಾದ ಕಾಗದ ಬೇಕೆನಿಸಿತು. ಅದುವರೆಗೆ ಹಳೆಯ ಪೇಪರಿನಲ್ಲಿ ಸುತ್ತಿ ನೂಲು ಕಟ್ಟಿ ಕೊಡುತ್ತಿದ್ದರು. ಪೇಟೆಯಲ್ಲಿ ಇನ್ನೊಂದು ಬೇಕರಿ ಬರುವ ಸುದ್ದಿ ಇತ್ತು. ಅಪ್ಪಚ್ಚನ್ ಚಾವಡಿಯ ಬೆಂಚಿನ ಮೇಲೆ ಒಂದು ಹಾಳೆ ಬಿಡಿಸಿ, ಸ್ಕೇಲಿಟ್ಟು, ನನ್ನ ಕೈಯಲ್ಲಿ ಮೇಲೆ ದೊಡ್ಡದಾಗಿ ‘ಮರಿಯ’ ಎಂದೂ ಕೆಳಗೆ ಸ್ವಲ್ಪ ಚಿಕ್ಕದಾಗಿ ‘ಬೇಕರಿ’ ಎಂದೂ ಬರೆಸಿದರು. ಹಿಟ್ಟಿನ ಲಾರಿಯವರ ಕೈಯಲ್ಲಿ ಅದನ್ನು ಮಂಗಳೂರಿಗೆ ಕಳಿಸಿ ಅಚ್ಚು ಹಾಕಿಸಿದರು. ದೊಡ್ಡ ಕಟ್ಟು ಬಂತು. ನುಣುಪಾದ ಬಟರ್ ಪೇಪರ್, ಕೆಂಪು ಅಕ್ಷರ. ಹಾಳೆಯಲ್ಲಿ ನೋಡಿದರೆ ಎಷ್ಟು ಚಂದ! ಅಪ್ಪಚ್ಚನ್ ಮೊದಲ ಹದದ ಬ್ರೆಡ್ಡಿಗೆಲ್ಲ ಅದನ್ನು ಸುತ್ತಿ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ, ಮೀಸೆ ತೀಡುತ್ತಾ ರಸ್ತೆಗೆ ಇಳಿದು ದೂರದಿಂದ ನೋಡಿದರು. ಅಷ್ಟರಲ್ಲಿ ಜೀಪು ಓಡಿಸುವ ಮೋನಪ್ಪಣ್ಣ ಬಂದು ಪಕ್ಕದಲ್ಲಿ ನಿಂತರು.

"ಎಂತ ಚಾಕೋ ಚೇಟ, ಹೊಸ ವ್ಯಾಪಾರವಾ?"

"ಎಂತ ಹೊಸತು?"

"ಮರಿ ಬೇಕರಿ ಅಂತ ಉಂಟಲ್ಲ ಮಾರಾಯ್ರೆ. ಎಂತದರ ಮರಿ? ಆಡಿಂದಾ, ನಾಯಿದಾ?"

ಬ್ರೆಡ್ಡನ್ನು ಸುತ್ತಿದಾಗ ‘ಮರಿಯ’ದ ಕೊನೆಯ ‘ಯ’ ಅಂಚು ದಾಟಿ ಪಕ್ಕದ ಮಡಿಕೆಯೊಳಗೆ ಹೋಗಿತ್ತು. ಮೇಲೆ ಉಳಿದದ್ದು ‘ಮರಿ ಬೇಕರಿ’. ಅಪ್ಪಚ್ಚನ್ ಹಾಳೆಯ ಮೇಲೆ ಅಳತೆ ಮಾಡಿದ್ದರೇ ಹೊರತು ಬ್ರೆಡ್ಡಿಗೆ ಒಮ್ಮೆಯೂ ಸುತ್ತಿ ನೋಡಿರಲಿಲ್ಲ. ಬರೆದುಕೊಟ್ಟ ನನಗೂ ಅದು ಹೊಳೆದಿರಲಿಲ್ಲ. ಸಂಜೆಯ ಹೊತ್ತಿಗೆ ಪೇಟೆಯಿಡೀ ಆ ಮಾತು ಹಬ್ಬಿತು. ಶಾಲೆಯಲ್ಲಿ ನನ್ನನ್ನು ಕಂಡರೆ ಹುಡುಗರು ‘ಮ್ಯಾ’ ಅನ್ನುತ್ತಿದ್ದರು. ಅಪ್ಪಚ್ಚನ್ ಬ್ರೆಡ್ಡನ್ನು ಸ್ವಲ್ಪ ಎಡಕ್ಕೆ ಸರಿಸಿ ಸುತ್ತಿ ನೋಡಿದರು. ಈಗ ‘ಯ’ ಬಂತು, ‘ಮ’ ಹೋಯಿತು. ಅಡ್ಡಕ್ಕೆ ತಿರುಗಿಸಿ ಸುತ್ತಿದರೆ ಅಕ್ಷರಗಳು ನಿದ್ದೆಗೆ ಬಿದ್ದವು. ಕೊನೆಗೆ ಕಟ್ಟನ್ನು ಕಾಲಿನಿಂದ ತಳ್ಳಿ, "ತಿನ್ನುದು ಬ್ರೆಡ್ಡನ್ನು, ಕಾಗದವನ್ನಲ್ಲ" ಎಂದು ಬೋರ್ಮದ ಕಡೆ ಹೋದರು. ನಗುತ್ತಾ ಇರುವ ಮನುಷ್ಯ. ಅವರು ಸುಮ್ಮನಾದರೆ ಮನೆಯೇ ಆರಿದ ಒಲೆಯಂತೆ ಕಾಣುತ್ತಿತ್ತು.

ಅಮ್ಮಚ್ಚಿಗೆ ನಗುವೂ ಬರಲಿಲ್ಲ, ಸಮಾಧಾನವೂ ಇಲ್ಲ. ಮರಿಯ ಅಂದರೆ ಅವರಿಗೆ ಬೇಕರಿಯ ಹೆಸರಲ್ಲ, ಮಾತಾವಿನ ಹೆಸರು, ಯೇಸುವಿನ ತಾಯಿಯ ಹೆಸರು. ಅದು ತುಂಡಾಗಿ ಆಡಿನ ಮರಿಯಾಯಿತೆಂದರೆ! ಈಸ್ಟರಿಗೆ ಮೊದಲಿನ ದೊಡ್ಡ ನೋಂಬು, ಅಂದರೆ ವ್ರತ, ಆಗಷ್ಟೇ ಸುರುವಾಗಿತ್ತು. ಮೀನು, ಮಾಂಸ, ಹಾಲು ಬಿಟ್ಟದ್ದರ ಜೊತೆಗೆ ಈ ಮನೆಯ ಬ್ರೆಡ್ಡನ್ನೂ ಬಿಟ್ಟೆ ಅಂದರು. ಸಂಜೆಯ ಪ್ರಾರ್ಥನೆ ಮುಗಿದು, ಗಂಜಿ, ಹಲಸಿನ ಗುಜ್ಜೆಯ ಪಲ್ಯಕ್ಕೆ ಕೂತಾಗ ತಮ್ಮ ತೀರ್ಮಾನ ಹೇಳಿದರು.

"ಹೆಸರು ಬೇಡ. ನಡುವಿನಲ್ಲಿ ಮಾತಾವಿನ ಪಟ ಹಾಕು. ನಡುವಿನಲ್ಲಿದ್ರೆ ಎಲ್ಲಿಯೂ ತುಂಡಾಗುದಿಲ್ಲ. ನೋಡಿದವರು ಕೈ ಮುಗಿದು ತಗೊಳ್ತಾರೆ."

ಅಪ್ಪಚ್ಚನ್ ತಲೆಯಾಡಿಸಿದರು. ಅವರಿಗೆ ಹೇಗಾದರೂ ಈ ಮಾತು ಮುಗಿಯಬೇಕಿತ್ತು. ಆಗ ಅಮ್ಮ, ಗಂಜಿ ಬಡಿಸುವ ಸೌಟನ್ನು ಹಿಡಿದುಕೊಂಡೇ, ಮೆಲ್ಲಗೆ ಹೇಳಿದಳು.

"ಪಟ ಹಾಕುದು ಬೇಡ, ಅಮ್ಮಚ್ಚಿ."

"ಯಾಕೆ? ನಿನಗೆ ಮಾತಾವು ಬೇಡವಾ?"

ಅಮ್ಮ ಬಗ್ಗಿ ಅವರ ಬಟ್ಟಲಿಗೆ ಗಂಜಿ ಬಡಿಸಿದಳು. ಅಮ್ಮಚ್ಚಿಗೆ ಸಿಟ್ಟು ಏರಿತು. ತವರಿನಲ್ಲಿ ನೋಂಬು ಹಿಡಿಯುವ ಕ್ರಮ ಇತ್ತಾ ಇಲ್ಲವಾ ಎಂದೆಲ್ಲ ಕೇಳಿದರು. ಅಮ್ಮ ಪಾತ್ರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು. ಆ ವಾರವೆಲ್ಲ ಚಾವಡಿಯಲ್ಲಿ ಬೇಯದ ಬ್ರೆಡ್ಡಿನ ಹಾಗೆ ಒಂದು ಭಾರ ಕೂತಿತ್ತು.

ಮುಂದಿನ ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅಮ್ಮ ಹಿತ್ತಲ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದಳು. ಸೆರಗು ಹೊದ್ದು, ನನ್ನ ಕೈ ಹಿಡಿದು, ಹಿತ್ತಲಿನ ಓಣಿಯಿಂದಲೇ ಸುತ್ತಿ ಬಸ್ಸು ನಿಲ್ಲುವಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳು ಮಾಡಿದ್ದಿಷ್ಟೆ: ನೆಲ ನೋಡುತ್ತಾ ನಡೆದಳು. ಚರಂಡಿಯಲ್ಲಿ, ಬಸ್ಸಿನ ಚಕ್ರದ ಅಡಿಯಲ್ಲಿ, ಚಾದಂಗಡಿಯ ಬೂದಿಯ ಗುಡ್ಡೆಯಲ್ಲಿ ಬಿದ್ದಿದ್ದ ನಮ್ಮ ಬ್ರೆಡ್ಡಿನ ಕಾಗದಗಳನ್ನು ಒಂದೊಂದಾಗಿ ಹೆಕ್ಕಿದಳು. ಒಂದನ್ನು ದನ ಅಗಿಯುತ್ತಿತ್ತು, ಅದನ್ನು ಬಿಟ್ಟಳು. ಒಂದರ ಮೇಲೆ ಯಾರೋ ಎಲೆಯಡಿಕೆ ಉಗಿದಿದ್ದರು. ಅದನ್ನೂ ತುದಿಯಲ್ಲಿ ಹಿಡಿದು ಎತ್ತಿದಳು. ನನಗೆ ನಾಚಿಕೆಯಾಗಿ ಸಾಯುವಂತಾಗಿತ್ತು. ಮನೆಗೆ ಬಂದು ಅಮ್ಮ ಅವನ್ನು ಚಾವಡಿಯ ಊಟದ ಬೆಂಚಿನ ಮೇಲೆ, ಕೈಯಿಂದ ಸಪಾಟು ಮಾಡಿ, ಅಂಚಿಗೆ ಅಂಚು ಸೇರಿಸಿ, ಸಾಲಾಗಿ ಇಟ್ಟಳು. ನಡುವೆ ಒಂದು ಕಾಗದ. ಅದರ ಕೆಂಪು ಹೆಸರಿನ ಸರಿಯಾಗಿ ಮೇಲೆ ಹವಾಯಿ ಚಪ್ಪಲಿಯ ಹಿಮ್ಮಡಿಯ ಗುರುತು, ಕೆಸರಿನಲ್ಲಿ ಅಚ್ಚು ಹೊಡೆದ ಹಾಗೆ.

ಅಮ್ಮಚ್ಚಿ ಜಪಮಣಿ ಹಿಡಿದುಕೊಂಡು ಬಂದವರು ನಿಂತರು. ನಾನು ಬೈಗುಳಕ್ಕೆ ಕಾದೆ. ಅವರು ಆ ಚಪ್ಪಲಿ ಗುರುತಿನ ಕಾಗದವನ್ನು ಎತ್ತಿ, ಮುಂಡಿನ ಅಂಚಿನಲ್ಲಿ ಕೆಸರು ಒರೆಸಿ, ನಾಲ್ಕು ಮಡಿಕೆ ಮಾಡಿ, ತಾವೇ ಹೋಗಿ ಬೋರ್ಮದ ಬೆಂಕಿಗೆ ಹಾಕಿದರು. ಉಳಿದವನ್ನೂ ಹಾಕಿದರು. ಆಮೇಲೆ ಹಿಟ್ಟು ನಾದುತ್ತಿದ್ದ ಅಪ್ಪಚ್ಚನಿಗೆ ಹೇಳಿದರು.

"ಚಾಕೋ, ಪಟವೂ ಬೇಡ, ಹೆಸರೂ ಬೇಡ. ಜನ ಬಿಸಾಡುವ ಕಾಗದದಲ್ಲಿ ಮಾತಾವು ಇರಬಾರ್ದು."

"ಹಾಗಾದ್ರೆ ಎಂತ ಹಾಕುದಮ್ಮಾ? ಬರೇ ಬಿಳಿ ಕಾಗದವಾ?"

"ಅದನ್ನು ಏಲಿಯ ಹತ್ರ ಕೇಳು" ಎಂದು ಅಮ್ಮಚ್ಚಿ ಮಂಚಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಅದರಲ್ಲಿ ಸೋಲಿನ ಸಿಟ್ಟೂ ಇತ್ತು. ಆದರೆ ಅಮ್ಮನನ್ನು ಏನಾದರೂ ಕೇಳಬೇಕೆಂದು ಆ ಮನೆಯಲ್ಲಿ ಹೇಳಿದ್ದು ಅದೇ ಮೊದಲು.

ಅಚ್ಚಾದ ಕಟ್ಟು ವ್ಯರ್ಥವಾಗಲಿಲ್ಲ; ಬೇಯಿಸುವ ತಗಡಿನ ಅಡಿಗೆ ಹಾಸಲು ಮನೆಯೊಳಗೇ ಉಪಯೋಗಕ್ಕೆ ಬಂತು. ಅಮ್ಮ ನನ್ನ ಸ್ಲೇಟು ಕೇಳಿದಳು. ಅವಳಿಗೆ ಮಲಯಾಳ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು, ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಬಾವಿಕಟ್ಟೆಯ ನೆರಳಲ್ಲಿ ನಾನು ಟೀಚರು, ಅವಳು ಮಗು. ನಾನು ಶಾಲೆಯಲ್ಲಿ ರಾಗವಾಗಿ ಹೇಳುವ ‘ತಲೆಕಟ್ಟು, ಇಳಿ, ಗುಡಿಸು, ಕೊಂಬು’ ಎಲ್ಲ ಒಪ್ಪಿಸಿದೆ. ತಲೆಕಟ್ಟು ಅವಳಿಗೆ ಬಹಳ ಇಷ್ಟವಾಯಿತು. ಮಲಯಾಳದ ಅಕ್ಷರಗಳಿಗೆ ಅದಿಲ್ಲ. ‘ಬಿಸಿಲಿಗೆ ಹೊರಟ ಹೆಂಗಸರ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಾವೆ’ ಎಂದು ನಕ್ಕಳು. ಮತ್ತೆ ಪುಸ್ತಕದ ಮೇಲೆ ಬೆರಳಿಟ್ಟು, ‘ಇವು ಯಾಕೆ ಬರಿ ತಲೆಯಲ್ಲಿ ಬಂದಿದ್ದಾವೆ?’ ಎಂದು ಕೇಳಿದಳು. ಅವಳ ಬೆರಳು ಬ, ಲ, ಜ, ಣ ಗಳ ಮೇಲಿತ್ತು. ಅವಕ್ಕೆ ಉಳಿದವುಗಳ ಹಾಗೆ ತಲೆಕಟ್ಟಿಲ್ಲವೆಂಬುದನ್ನು ಮೂರು ವರ್ಷ ಬರೆದ ನಾನು ನೋಡಿಯೇ ಇರಲಿಲ್ಲ. ನನಗೆ ಅಕ್ಷರ ಓದಿ ದಾಟಿಹೋಗುವ ದಾರಿಯಾಗಿತ್ತು. ಅವಳಿಗೆ ಅದು ಮುಖ. ಹೊಸ ಊರಿನಲ್ಲಿ ಜನರ ಮುಖ ನೋಡಿದ ಹಾಗೆ ಒಂದೊಂದನ್ನೂ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ನಾನೂ ಹಾಗೆ ನೋಡಲು ಕಲಿತೆ. ಇಂದಿಗೂ ಕಂಪ್ಯೂಟರಿನ ಪರದೆಯಲ್ಲಿ ಒಂದು ಹೆಸರನ್ನು ಜೋಡಿಸುವಾಗ ಮೊದಲು ಅದನ್ನು ಓದುವುದನ್ನು ನಿಲ್ಲಿಸುತ್ತೇನೆ. ಆಗಲೇ ಅದು ಕಾಣತೊಡಗುವುದು.

"ಮಾತಾವಿನ ಹೆಸರಿನ ಮೊದಲ ಅಕ್ಷರ ಯಾವುದು?"

"ಮ."

"ಮ ಅಂದ್ರೆ ಶಾಲೆಯಲ್ಲಿ ಎಂತ ಹೇಳ್ತಾರೆ?"

"ಮ ಅಂದ್ರೆ ಮರ. ಪುಸ್ತಕದಲ್ಲಿ ಮರದ ಚಿತ್ರ ಉಂಟು."

"ಮರ ಅಂದ್ರೂ ಆಗ್ತದೆ, ಮನೆ ಅಂದ್ರೂ ಆಗ್ತದೆ. ಬಿದ್ದರೆ ಬರೇ ಅಕ್ಷರ. ಗೊತ್ತಿರುವವರಿಗೆ ಮಾತಾವು. ಅದೊಂದೇ ಸಾಕು, ಮೋಳೆ," ಎಂದಳು. ಮೋಳು ಅಂದರೆ ಮಗಳು.

ಹಾಗೆ ‘ಮ’ ನಮ್ಮ ಮನೆಗೆ ಬಂತು. ಹಿಟ್ಟಿನ ಚೀಲದೊಳಗಿನ ದಪ್ಪ ಕಾಗದದ ಮೇಲೆ ಬೋರ್ಮದ ಇದ್ದಿಲಿನಿಂದ ಅಮ್ಮ ಬರೆದ ಮ‌ಗಳಿಗೆ ಲೆಕ್ಕವಿಲ್ಲ. ‘ವ’ ಬರೆದು ಬಲಗಡೆ ಒಂದು ಕೊಂಡಿ ಹಾಕಿದರೆ ‘ಮ’ ಎಂದು ನಾನು ಕಲಿಸಿದ್ದೆ. ಆ ಕೊಂಡಿ ಸ್ವಲ್ಪ ಕೆಳಗಿಳಿದರೆ ನಾನು ‘ವು’ ಎಂದು ಓದುತ್ತಿದ್ದೆ. ಅವಳು ಒರೆಸಿ ಮೇಲಕ್ಕೆತ್ತುತ್ತಿದ್ದಳು. ಹೊಟ್ಟೆ ಚಿಕ್ಕದಾದರೆ ದೂರದಿಂದ ಕಪ್ಪು ಚುಕ್ಕೆ. ತಲೆಕಟ್ಟು ದಪ್ಪವಾದರೆ ಅಕ್ಷರ ತಲೆಭಾರವಾಗಿ ಮುಂದಕ್ಕೆ ಬೀಳುವಂತೆ ಕಾಣುತ್ತಿತ್ತು. ನನ್ನನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ, ತಾನು ಕಾಗದ ಹಿಡಿದು ಹಿತ್ತಲಿನ ಕೊನೆಯವರೆಗೆ ನಡೆದು, ಅಲ್ಲಿಂದ ಕೂಗಿ ಕೇಳುತ್ತಿದ್ದಳು, ಕಾಣ್ತದಾ ಎಂದು. ಬರೆದದ್ದನ್ನೆಲ್ಲ ಬ್ರೆಡ್ಡಿಗೆ ಸುತ್ತಿ ನೋಡುತ್ತಿದ್ದಳು. ಹಾಗೆ ಸುತ್ತುವಾಗ ಅವಳಿಗೆ ಇನ್ನೊಂದು ಸಂಗತಿ ಕಂಡಿತು. ಪರದೆಯ ಸಂದಿಯಿಂದ ಅವಳು ಗಿರಾಕಿಗಳನ್ನು ನೋಡುತ್ತಿದ್ದಳಲ್ಲ. ಜನ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ, ಬಸ್ಸಿನಲ್ಲಿ ಬಲೆಯ ಚೀಲಕ್ಕೆ ಹಾಕಿ ತೂಗಿಸುತ್ತಾರೆ. ಆಗ ಮೇಲಿನ ಮುಖ ಯಾರಿಗೂ ಕಾಣುವುದಿಲ್ಲ, ಕಾಣುವುದು ಎರಡು ತುದಿ ಮಾತ್ರ. ಹಾಗಾಗಿ ಮೇಲೆ ನಡುವಿನಲ್ಲಿ ಒಂದು ದೊಡ್ಡ ಮ, ಎರಡೂ ತುದಿಗೆ ಒಂದೊಂದು ಚಿಕ್ಕ ಮ. ಅಡಿಯಲ್ಲಿ ಸಣ್ಣದಾಗಿ ‘ಬೇಕರಿ, ಕಡಬ’. ಅಷ್ಟೇ.

ಅಪ್ಪಚ್ಚನ್ ಮೊದಲು ಒಪ್ಪಲಿಲ್ಲ. "ಒಂದಕ್ಷರಕ್ಕೆ ಯಾರು ಬರ್ತಾರೆ, ಏಲೀ? ಒಂದು ಹಕ್ಕಿ, ಒಂದು ಹೂವು, ಎಂತಾದ್ರೂ ಬೇಡವಾ?" ಎಂದರು. ಅಮ್ಮ ಇದ್ದಿಲಿನ ಮ ಇರುವ ಕಾಗದವನ್ನು ಒಂದು ಬ್ರೆಡ್ಡಿಗೆ ಸುತ್ತಿ ನನ್ನ ಕಂಕುಳಿಗೆ ಕೊಟ್ಟು, ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲು ಎಂದಳು. ನಾನು ಹೋಗಿ ನಿಂತೆ. ನಡುವೆ ಒಂದು ಬಸ್ಸು ಹಾದುಹೋಯಿತು, ಧೂಳೆದ್ದಿತು. ಧೂಳು ಇಳಿದಾಗ ಅಪ್ಪಚ್ಚನ್ ಅಂಗಡಿಯ ಮೆಟ್ಟಲಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವರು ಪರದೆಯ ಕಡೆ ತಿರುಗಿ ಏನೋ ಅಂದರು. ಏನಂದರೆಂದು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿ ನಕ್ಕಿದ್ದಾಳೆ.

"ಬ್ರೆಡ್ಡು ಕಾಣುದಿಲ್ಲ, ಮೋಳು ಕಾಣುದಿಲ್ಲ, ಮ ಕಾಣ್ತದೆ."

ಮಂಗಳೂರಿಗೆ ಲಾರಿಯವರ ಕೈಯಲ್ಲಿ ಕಳಿಸುವುದು ಬೇಡ, ಹತ್ತಿರದ ಪುತ್ತೂರಿನ ಪ್ರೆಸ್ಸಿಗೆ ತಾನೇ ಹೋಗಿ ಎದುರು ನಿಂತು ಮಾಡಿಸುತ್ತೇನೆ ಎಂದಳು ಅಮ್ಮ. ಅಪ್ಪಚ್ಚನ್ ಬೋರ್ಮ ಬಿಟ್ಟು ಬರುವಂತಿರಲಿಲ್ಲ. ಕೊನೆಗೆ ಅಮ್ಮ ಮತ್ತು ನಾನು ಪುತ್ತೂರಿನ ಬಸ್ಸು ಹತ್ತಿದೆವು. ಅಪ್ಪಚ್ಚನ್ ಜೊತೆಗಿಲ್ಲದೆ ಅಮ್ಮ ಬಸ್ಸಿನಲ್ಲಿ ಕೂತದ್ದು ಅದೇ ಮೊದಲು. ಪುತ್ತೂರು ಬರುವವರೆಗೂ ಕಾಗದದ ಸುರುಳಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಪ್ರೆಸ್ಸು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಒಳಗೆ ಸೀಮೆಎಣ್ಣೆ, ಮಸಿಯ ವಾಸನೆ, ಬಾಯಿ ತೆರೆದು ಮುಚ್ಚುವ ಯಂತ್ರದ ಡಬಡಬ. ಪ್ರೆಸ್ಸಿನ ಮಾಧವರಾಯರು ಕನ್ನಡಕವನ್ನು ಹಣೆಗೇರಿಸಿ ಅಮ್ಮನ ಮ ನೋಡಿದರು.

"ಅಕ್ಷರ ಒಳ್ಳೇದುಂಟು. ಹೊಟ್ಟೆ ಮಾತ್ರ ಇಷ್ಟು ದೊಡ್ಡದು ಯಾಕಮ್ಮ? ಬಸುರಿಯ ಹಾಗೆ ಕಾಣ್ತದೆ."

ಅಮ್ಮ ನನ್ನನ್ನು ನೋಡಿದಳು. ಆಮೇಲೆ ಅವಳು ತನ್ನ ಬಾವಿಕಟ್ಟೆಯ ಕನ್ನಡವನ್ನು ಒಂದೊಂದೇ ಶಬ್ದ ಹೆಕ್ಕಿ ಹೊರಗೆ ಇಟ್ಟಳು.

"ಮಷಿ ಉಂಟಲ್ಲ, ಅದು ಉಬ್ಬುದು. ಮೊದಲಿನ ಕಾಗದದಲ್ಲಿ ನೋಡಿದ್ದೇನೆ. ಬ್ರೆಡ್ಡು ಬೋರ್ಮದಲ್ಲಿ ಉಬ್ಬುವ ಹಾಗೆ. ನಾವು ತಗಡಿನಲ್ಲಿ ಜಾಗ ಬಿಟ್ಟು ಹಿಟ್ಟು ಇಡುದು. ಇಲ್ಲಿಯೂ ಜಾಗ ಬಿಡ್ಬೇಕು."

ರಾಯರು ಕನ್ನಡಕ ಇಳಿಸಿದರು. ಮತ್ತೆ ನೋಡಿದರು. ಯಂತ್ರ ನಿಲ್ಲಿಸಿ ಎಂದು ಒಳಗೆ ಕೂಗಿ, ಒಂದು ಮರದ ಸ್ಟೂಲನ್ನು ತಾವೇ ಒರೆಸಿ ಅಮ್ಮನಿಗೆ ಕೊಟ್ಟರು. ಆಮೇಲೆ ಅವರಿಬ್ಬರೂ ಆ ಕಾಗದದ ಮೇಲೆ ಬಗ್ಗಿ ಮಾತಾಡಿದ್ದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಚಿಕ್ಕ ಮ‌ಗೆ ದೊಡ್ಡ ಮ‌ವನ್ನೇ ಕುಗ್ಗಿಸಿದರೆ ತಲೆಕಟ್ಟಿನ ಕುತ್ತಿಗೆ ಸಪೂರವಾಗಿ ಅಚ್ಚಿನಲ್ಲಿ ಮುರಿದುಹೋಗುತ್ತದೆ, ಅದಕ್ಕೆ ಬೇರೆಯೇ ದಪ್ಪ ಬೇಕು ಎಂದು ರಾಯರು ತೋರಿಸಿಕೊಟ್ಟರು. ಅಮ್ಮನಿಗೆ ಅದು ಹೊಳೆದಿರಲಿಲ್ಲ. ಅವಳು ಸ್ಟೂಲಿನಲ್ಲಿ ಕೂತೇ ಚಿಕ್ಕದನ್ನು ಹೊಸತಾಗಿ ಬರೆದಳು. ‘ಚಿಕ್ಕ ಮಗುವಿಗೆ ದೊಡ್ಡವರ ಅಂಗಿ ಮೋಟು ಮಾಡಿ ಹಾಕಿದ್ರೆ ಆಗುದಿಲ್ಲ, ಬೇರೆ ಹೊಲೀಬೇಕು’ ಎಂದಳು. ರಾಯರು ಜೋರಾಗಿ ನಕ್ಕರು.

"ಕನ್ನಡ ಎಲ್ಲಿ ಕಲ್ತದ್ದಮ್ಮ ನೀವು?"

"ಇವಳ ಹತ್ರ. ಇವಳಿಗೂ ಪೂರ್ತಿ ಬರುದಿಲ್ಲ."

ಅಚ್ಚಿನ ಬ್ಲಾಕು ಮಾಡಿಸಿ ತರಿಸಲು ಕೆಲವು ದಿನ ಬೇಕಾಯಿತು. ಎರಡನೆಯ ಸಲ ಹೋದಾಗ ಮೊದಲ ಹಾಳೆ ಯಂತ್ರದ ಬಾಯಿಂದ ಒದ್ದೆಯಾಗಿ ಹೊರಬಂತು. ಮಸಿ ಉಬ್ಬಿ ಹೊಟ್ಟೆ ಸರಿಯಾದ ಅಳತೆಗೆ ಬಂದಿತ್ತು. ನಾನು ಕುಣಿದೆ. ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದಳು, ತಲೆಕೆಳಗು ಮಾಡಿ ಹಿಡಿದಳು, ಹಿಂಬದಿಯಿಂದ ನೋಡಿದಳು. ಎಡಗಡೆ ಮಸಿ ಬಲಗಡೆಗಿಂತ ಒಂಚೂರು ತೆಳು ಎಂದಳು. ಯಂತ್ರದ ಹತ್ತಿರ ನಿಂತವನಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ರಾಯರಿಗೆ ಕಂಡಿತು. ಅವರು ಬ್ಲಾಕಿನ ಎಡಭಾಗದ ಅಡಿಗೆ ತೆಳು ಕಾಗದದ ಒಂದು ಚೂರು ಅಂಟಿಸಿ ಮತ್ತೆ ಅಚ್ಚು ಹೊಡೆಸಿದರು. ಈಗ ಎರಡನ್ನೂ ಪಕ್ಕದಲ್ಲಿಟ್ಟರು. ಆಗ ನನಗೂ ಕಂಡಿತು: ಮೊದಲಿನದು ಎಡಗಾಲು ಕುಂಟುತ್ತಿತ್ತು, ಎರಡನೆಯದು ನಿಂತಿತ್ತು. ಒಂದು ಚೂರು ಕಾಗದದ ದಪ್ಪ. ಜನರು ಆ ವ್ಯತ್ಯಾಸವನ್ನು ನೋಡುವುದಿಲ್ಲ ನಿಜ, ಆದರೆ ಅವರಿಗೆ ಅದು ತಾಗುತ್ತದೆ ಎಂದು ಆ ಪ್ರೆಸ್ಸಿನ ಮಬ್ಬು ಬೆಳಕಿನಲ್ಲಿ ನನಗೆ ತಿಳಿಯಿತು. ನನ್ನ ಮುಂದಿನ ಬದುಕು ಅಲ್ಲಿ ಸುರುವಾಯಿತೆಂದರೆ ತಪ್ಪಾಗಲಾರದು. ಹೊರಡುವಾಗ ರಾಯರು ಕೈ ಮುಗಿದು, "ಇನ್ನೂ ಕೆಲವು ಅಕ್ಷರ ಬರೆದು ಕೊಡಿ ಅಮ್ಮ, ಇಲ್ಲಿ ಬೇಕಾಗ್ತದೆ" ಎಂದರು. ಮುಂದೆ ಮದುವೆ ಕಾಗದಗಳಿಗೂ ಸೋಡಾದ ಲೇಬಲ್ಲುಗಳಿಗೂ ಅಮ್ಮನ ಅಕ್ಷರಗಳು ಹೋದವು. ಆ ಕತೆ ದೊಡ್ಡದು.

ಹೊಸ ಕಾಗದದ ಬ್ರೆಡ್ಡು ಗಾಜಿನ ಪೆಟ್ಟಿಗೆಗೆ ಬಂದದ್ದು ಈಸ್ಟರು ಕಳೆದ ಮೇಲೆ, ಶಾಲೆಗೆ ರಜೆ ಸಿಕ್ಕಿದ ದಿನಗಳಲ್ಲಿ. ಅಮ್ಮಚ್ಚಿಗೆ ಮೊದಲ ಬ್ರೆಡ್ಡನ್ನು ಅಪ್ಪಚ್ಚನೇ ಕೊಂಡುಹೋಗಿ ಕೊಟ್ಟರು. ಅವರು ಕಾಗದ ತಿರುಗಿಸಿ ನೋಡಿ, ‘ಇದು ಬಿದ್ರೆ ಮೆಟ್ಟಬಹುದು’ ಎಂದು ಬಿಡಿಸಿ, ಹಾಲಿಲ್ಲದ ಕಟ್ಟಂಚಾದಲ್ಲಿ ಅದ್ದಿ ತಿಂದರು. ಅಂದು ಬೆಳಗ್ಗೆ ಬೋರ್ಮದಲ್ಲಿ ಎರಡು ಹದದ ಕೆಲಸ ಒಟ್ಟಿಗೆ ಇತ್ತು, ಅಂಗಡಿಯಲ್ಲಿ ಕೂರಲು ಜನ ಇರಲಿಲ್ಲ. ಅಪ್ಪಚ್ಚನ್ ಹಿಟ್ಟಿನ ಕೈಯಲ್ಲಿಯೇ ಪರದೆಯನ್ನು ಬದಿಗೆ ಸರಿಸಿ ಮೊಳೆಗೆ ಸಿಕ್ಕಿಸಿದರು.

"ಏಲೀ, ಅಕ್ಷರ ನಿಂದು. ನೀನೇ ಕೊಡು."

ಅಮ್ಮ ಮಂಚದ ಕಡೆ ನೋಡಿದಳು. ಅಮ್ಮಚ್ಚಿ ಜಪಮಣಿ ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ, ಬೇಡ ಎನ್ನಲೂ ಇಲ್ಲ. ಅಮ್ಮ ಸೆರಗು ಸರಿಮಾಡಿ ಹೋಗಿ ಸ್ಟೂಲಿನ ತುದಿಯಲ್ಲಿ ಕೂತಳು. ನಾನು ಹಿಟ್ಟಿನ ಮೂಟೆಯ ಮೇಲೆ ಕೂತೆ. ಮೊದಲು ಬಂದ ಇಬ್ಬರು ಅಪ್ಪಚ್ಚನನ್ನೇ ಹುಡುಕಿದರು. ಮೋನಪ್ಪಣ್ಣ ಬಂದು, ಗಾಜಿನ ಪೆಟ್ಟಿಗೆಯನ್ನು ನೋಡಿ, ಕುಚೋದ್ಯದ ಮಾತು ಹುಡುಕಿ, ಸಿಗದೆ, ಎರಡು ಬ್ರೆಡ್ಡು ತೆಗೆದುಕೊಂಡು ಹೋದರು. ಆಮೇಲೆ ಕೊಯಿಲದ ಸರಕಾರಿ ಫಾರ್ಮಿಗೆ ದನದ ಕೆಲಸಕ್ಕೆ ಹೋಗುವ ಕುಸುಮಕ್ಕ ಬಂದರು. ಅವರಿಗೆ ಓದು ಬರುತ್ತಿರಲಿಲ್ಲ. ಬಸ್ಸಿಗೆ ಕಾಯುವಾಗ ಯಾರದೋ ಚೀಲದಲ್ಲಿ ಆಗಷ್ಟೇ ನೋಡಿದ್ದರಂತೆ.

"ಅಕ್ಕ, ಆ ಹೊಟ್ಟೆ ದೊಡ್ಡ ಅಕ್ಷರದ್ದು ಕೊಡಿ. ಅದು ಎಂತ ಅಕ್ಷರ?"

"ಮ" ಎಂದಳು ಅಮ್ಮ.

"ಮ" ಎಂದರು ಕುಸುಮಕ್ಕ. ಬೆರಳಿನಿಂದ ಕಾಗದದ ಮೇಲೆ ಅದರ ಸುತ್ತು ಹಿಡಿದು, ತಲೆಕಟ್ಟಿನವರೆಗೆ ಹೋಗಿ, ಇನ್ನೊಮ್ಮೆ ‘ಮ’ ಅಂದರು. ಬಸ್ಸು ಹಾರ್ನು ಹೊಡೆಯಿತು, ಓಡಿದರು. ಅಮ್ಮ ಅವರು ಹೋದ ದಾರಿಯನ್ನೇ ನೋಡುತ್ತಿದ್ದಳು. ಅವಳು ಸ್ಟೂಲಿನ ತುದಿಯಿಂದ ಯಾವಾಗ ಹಿಂದೆ ಸರಿದು ನೆಟ್ಟಗೆ ಕೂತಳೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಬಂದವರ ಜೊತೆ ತುಳು, ಕನ್ನಡ, ಮಲಯಾಳ ಎಲ್ಲ ಸೇರಿಸಿ ಮಾತಾಡಿದಳು, ನಕ್ಕಳು. ಇಷ್ಟು ವರ್ಷ ಪರದೆಯ ಸಂದಿಯಿಂದ ನೋಡಿದ್ದ ಮುಖಗಳಿಗೆಲ್ಲ ಅವಳಲ್ಲಿ ಹೆಸರಿತ್ತು; ‘ಅಜ್ಜಿಯ ಕಾಲು ನೋವು ಹೇಗುಂಟು?’ ಎಂದು ಅವಳು ಕೇಳಿದಾಗ ಅವರೇ ಬೆರಗಾದರು.

ಗಾಜಿನ ಪೆಟ್ಟಿಗೆ ಖಾಲಿಯಾಗುತ್ತಾ ಬಂದಾಗ ಒಳಗಿನಿಂದ ಸಾಸಿವೆ ಸಿಡಿದ ವಾಸನೆ ಬಂತು. ಅಮ್ಮ ಬೆಚ್ಚಿದಳು. ಬಿಸಿಲು ನೆತ್ತಿಗೆ ಬಂದಿತ್ತು. ಅನ್ನಕ್ಕೆ ಇಟ್ಟಿಲ್ಲ, ಮೀನು ತೊಳೆದಿಲ್ಲ. ಅವಳು ಅಪ್ಪಚ್ಚನ ಮುಖ ನೋಡಿದಳು. ಅವರು ಭುಜ ಕುಣಿಸಿದರು. ಅಷ್ಟರಲ್ಲಿ ಅಮ್ಮಚ್ಚಿ ಚಾವಡಿ ದಾಟಿ, ಬೋರ್ಮ ದಾಟಿ, ಗಂಟುನೋವಿನ ಕಾಲು ಎಳೆಯುತ್ತಾ ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತರು. ಕೈಯಲ್ಲಿ ಸೌಟು ಇತ್ತು, ಹಣೆಯಲ್ಲಿ ಬೆವರು.

"ಏಲೀ, ಬಡಿಸಿದ್ದೇನೆ. ಕೈ ತೊಳೆದು ಊಟಕ್ಕೆ ಬಾ."

ಆ ಮನೆಯಲ್ಲಿ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದವಳು ಅಮ್ಮ. ಅವಳನ್ನು ಯಾರಾದರೂ ಊಟಕ್ಕೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲವೆಂದು ಕಾಣುತ್ತದೆ. ಬ್ರೆಡ್ಡು ಹಿಡಿದ ಕೈ ಹಾಗೆಯೇ ಇತ್ತು, ಅವಳು ಏಳಲಿಲ್ಲ.

ಅಮ್ಮಚ್ಚಿ ಇನ್ನೊಮ್ಮೆ ಕರೆದರು.